ಅಲೀಡಾಳ ಗೂಡಂಗಡಿಯನ್ನು ನಾವು ಉಳಿಸಿದ್ದು

ನಮ್ಮೂರಿನ ಇಗರ್ಜಿಯ ಗೋಡೆಗೆ ಒರಗಿಕೊಂಡಿದ್ದ ಮರದ ಗೂಡಂಗಡಿಯಲ್ಲಿ ಅಲೀಡಾ ಮೂವತ್ತು ವರ್ಷ ಆಲೂಗಡ್ಡೆ ಕರಿದಳು. ಅದಕ್ಕೂ ಮೊದಲು ಅವಳ ತಾಯಿ ಕರಿದಿದ್ದಳು. ಗೆಂಟ್ ನಗರದಿಂದ ರೈಲು ಹತ್ತಿ ಬರುವವರೆಲ್ಲ ಇಗರ್ಜಿಯೊಳಗಿನ ಸಂತರ ಮೂಳೆ ನೋಡಲು ಬರುತ್ತಾರೆಂದು ನಮ್ಮ ಪಾದ್ರಿಗಳು ನಂಬಿದ್ದರು. ಪಾಪ, ನಂಬಲಿ. ದನದ ಕೊಬ್ಬಿನಲ್ಲಿ ಒಮ್ಮೆ ಕರಿದು, ಆರಲು ಬಿಟ್ಟು, ಮತ್ತೊಮ್ಮೆ ಕರಿದು ಕಾಗದದ ಪೊಟ್ಟಣಕ್ಕೆ ಸುರಿದ ಅವಳ ಫ್ರೈಸ್ ಎದುರು ಯಾವ ಮೂಳೆಯೂ ನಿಲ್ಲುತ್ತಿರಲಿಲ್ಲ. ಅವಳ ಗಂಡ ಮಾತ್ರ ಕೊಬ್ಬಿನ ವಾಸನೆ ತಾಳಲಾರೆನೆಂದು ಅತ್ತರಿನ ಅಂಗಡಿಯವಳ ಜೊತೆ ಹೋದ. ಅವನ ಮೂಗು ಅಷ್ಟು ನಾಜೂಕೆಂದು ಮದುವೆಯ ದಿನ ಯಾರಿಗೂ ತಿಳಿದಿರಲಿಲ್ಲ.

ಮೊನ್ನೆ ಮೊನ್ನೆ ಪುರಸಭೆಗೆ ಇಗರ್ಜಿಯ ಮುಂದಿನ ಚೌಕವನ್ನು ಚಂದಗಾಣಿಸುವ ಹುಕಿ ಬಂತು. ಗೂಡಂಗಡಿ ಕೀಳುತ್ತೇವೆ ಅಂದರು. ಊರು ಎದ್ದು ನಿಂತಿತು. ಮುಂದಾಳು ಉರ್ಬೇನ್ ಮೇಷ್ಟ್ರು. ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದ ಮೇಲೆ ಊರಿನ ಎಲ್ಲ ಸಮಿತಿಗಳಿಗೂ ಕಾರ್ಯದರ್ಶಿಯಾದವರು. 'ಗೂಡಂಗಡಿ ಉಳಿಸಿ' ಎಂದು ಅವರು ಬರೆದ ಫಲಕ ನನ್ನ ಬೂಟು ರಿಪೇರಿ ಅಂಗಡಿಯ ಕಿಟಕಿಯಲ್ಲೂ ಇತ್ತು. ಕೊನೆಗೆ ಪುರಸಭೆ ಸೋತಿತು. ಗೂಡಂಗಡಿ ನಾಡಿನ ಪರಂಪರೆ ಎಂದು ಘೋಷಣೆಯಾಯಿತು, ಹಸಿರು ಬಣ್ಣ ಬಳಿಸಿಕೊಂಡಿತು, ಹಿತ್ತಾಳೆ ಫಲಕ ಹೊಡೆಸಿಕೊಂಡಿತು. ಮರುವಾರವೇ ನಿಯಮ ಬಂತು: ಪರಂಪರೆಯ ಮರದ ಹತ್ತಿರ ಬೆಂಕಿ ಹಚ್ಚಬಾರದು, ಕೊಬ್ಬಿನ ಹೊಗೆ ತಾಗಿಸಬಾರದು. ಗುಡಿ ಉಳಿಸಲು ಹೋಗಿ ದೇವರನ್ನೇ ಹೊರಗೆ ಹಾಕಿದ್ದೆವು.

ಅಲೀಡಾ ಬೈಪಾಸ್ ರಸ್ತೆಯಲ್ಲಿ ಕಾರು ತೊಳೆಯುವ ಜಾಗದ ಪಕ್ಕ ಹೊಸ ಅಂಗಡಿ ಹಾಕಿದಳು. ಚೌಕದವರು ಒಬ್ಬರೂ ಅತ್ತ ಹೋಗಲಿಲ್ಲ. ನನಗೆ ನಾಚಿಕೆ. ಮೇಷ್ಟ್ರಿಗೆ ದೂರ. ಸಮಿತಿಯ ಊಟಕ್ಕೆ ಬ್ರಸೆಲ್ಸ್ ಮಾತ್ರ ಅವರಿಗೆ ಎಂದೂ ದೂರವಾಗಿರಲಿಲ್ಲ.

ಆದರೆ ನಾಡಿನ ಹಳೆಯ ಕಟ್ಟಡಗಳನ್ನೆಲ್ಲ ತೆರೆದು ತೋರಿಸುವ 'ಪರಂಪರೆಯ ಭಾನುವಾರ' ಹತ್ತಿರ ಬಂತು. ಅಂದು ಗೂಡಂಗಡಿಯ ಬಾಗಿಲು ತೆಗೆದು ಜನರಿಗೆ ತೋರಿಸಬೇಕು, ಒಳಗೆ ಅಲೀಡಾ ಇರಬೇಕು. ಮೇಷ್ಟ್ರು ಮಂತ್ರಿಗಳ ಕಚೇರಿಗೆಲ್ಲ ಮಾತು ಕೊಟ್ಟು ಕೂತಿದ್ದರು. ಅವಳು ಬರದಿದ್ದರೆ ಅವರ ಮಾನ ಹೋಗುತ್ತಿತ್ತು. ಒಬ್ಬರೇ ಹೋಗಲು ಧೈರ್ಯ ಸಾಲದೆ ನನ್ನನ್ನೂ ಎಳೆದುಕೊಂಡು ಹೊರಟರು. ತಮಾಷೆ ನೋಡಲು ನಾನೂ ಹೋದೆ.

ಲಾರಿ ಚಾಲಕರ ಸಾಲು ರಸ್ತೆಯವರೆಗೂ ಇತ್ತು. ನಮ್ಮ ಮುಂದಿದ್ದ ಪೋಲೆಂಡಿನವನು ಬಾಯಿ ತೆಗೆಯುವ ಮೊದಲೇ ಅಲೀಡಾ ಅವನ ಪೊಟ್ಟಣ ಕೈಗಿಟ್ಟಳು. ಆಮೇಲೆ ನಮ್ಮನ್ನು ನೋಡಿದಳು.

"ಏನ್ ಬೇಕು?"

ಮೂವತ್ತು ವರ್ಷದ ಗಿರಾಕಿಗೆ ಕೇಳುವ ಮಾತೇ ಇದು! ಮೇಷ್ಟ್ರು ಪೆಚ್ಚಾದರು.

"ಅಲೀಡಾ, ನಾನಮ್ಮಾ, ಉರ್ಬೇನ್."

"ಗೊತ್ತು. ಏನ್ ಬೇಕು? ಮಯೊನೇಸ್ ಹಾಕ್ಲಾ, ಬೇಡ್ವಾ?"

"ಹಾಕು," ಅಂದರು ಮೇಷ್ಟ್ರು, ಪಾಠ ಒಪ್ಪಿಸುವ ಹುಡುಗನ ದನಿಯಲ್ಲಿ. ಆಮೇಲೆ ಗಂಟಲು ಸರಿಮಾಡಿಕೊಂಡು ವಿಷಯಕ್ಕೆ ಬಂದರು. "ಭಾನುವಾರ ಒಂದ್ ದಿನ ಬಂದು ಹಳೇ ಅಂಗ್ಡೀಲಿ ನಿಂತ್ಕೋ. ನಿಮ್ಮಮ್ಮನ ಕಾಲದಂಥ ಏಪ್ರನ್ ನಾವೇ ಹೊಲಿಸಿದೀವಿ."

"ಕರೀಬಹುದಾ?"

"ಅದಾಗಲ್ಲ. ಬೆಂಕಿ ಹಚ್ಚೋ ಹಾಗಿಲ್ಲ ನೋಡು. ಫ್ರೈಸ್ ಪ್ಲಾಸ್ಟಿಕ್ಕಿಂದು ಮಾಡ್ಸಿದೀವಿ. ದೂರದಿಂದ ಥೇಟ್ ನಿನ್ನವೇ."

"ಉಪ್ಪೂ ಪ್ಲಾಸ್ಟಿಕ್ಕಾ ಮೇಷ್ಟ್ರೇ?"

ಹಿಂದಿದ್ದ ಲಾರಿಯವನೊಬ್ಬ ಗೊಳ್ಳೆಂದು ನಕ್ಕ. ನನಗೂ ತಡೆಯಲಾಗಲಿಲ್ಲ.

ಅಲೀಡಾ ಮೇಷ್ಟ್ರ ಪೊಟ್ಟಣ ಅವರ ಕೈಗಿಟ್ಟು, ಕೈ ಒರೆಸಿಕೊಂಡು ಬಾಗಿಲಿಂದ ಹೊರಬಂದಳು. ನಾನು ಕತ್ತೆತ್ತಿ ನೋಡಬೇಕಾಯಿತು. ಅವಳು ಮೇಷ್ಟ್ರಿಗಿಂತ ಒಂದು ತಲೆ ಎತ್ತರ! ಇಷ್ಟು ವರ್ಷ ಎದುರು ಅಂಗಡಿಯಲ್ಲಿದ್ದ ನನಗೇ ಅದು ಗೊತ್ತಿರಲಿಲ್ಲ.

"ಆ ಗೂಡು ನಮ್ಮಮ್ಮನ ಅಳತೇದು," ಅಂದಳು. "ಅವಳು ನನ್ನ ಭುಜದಷ್ಟೇ ಎತ್ತರ ಇದ್ಲು. ನಾನು ಮೂವತ್ತು ವರ್ಷ ಬೆನ್ನು ಬಗ್ಗಿಸ್ಕೊಂಡೇ ಕರ್ದೆ. ಪುರಸಭೆಯೋರು ಕೀಳ್ತೀವಿ ಅಂದಾಗ ಸದ್ಯ, ಅಂದ್ಕೊಂಡೆ. ಅಷ್ಟರಲ್ಲಿ ನೀವು ಫಲಕ ಹಿಡ್ಕೊಂಡು ಬಂದ್ರಿ."

"ಅಯ್ಯೋ, ಒಂದ್ ಮಾತು ಹೇಳ್ಬಾರ್ದಿತ್ತಾ?" ಅಂದರು ಮೇಷ್ಟ್ರು.

"ಯಾರಿಗ್ ಹೇಳ್ಲಿ? ಗೂಡಿನ ಕಿಟಕೀಲಿ ನೀವೆಲ್ಲ ನೋಡ್ತಿದ್ದಿದ್ದು ನನ್ನ ಕೈ ಒಂದೇ."

ಮೇಷ್ಟ್ರು ಪೊಟ್ಟಣದಲ್ಲಿ ಏನನ್ನೋ ಹುಡುಕುತ್ತಿದ್ದರು.

"ಹಾಗಾದ್ರೆ ಭಾನುವಾರ ಯಾರು ನಿಂತ್ಕೋಬೇಕು?"

"ನೀವೇ ನಿಂತ್ಕೊಳ್ಳಿ. ನಿಮಗೆ ಸರಿಯಾಗುತ್ತೆ."

ಭಾನುವಾರ ಉರ್ಬೇನ್ ಮೇಷ್ಟ್ರು ಏಪ್ರನ್ ಕಟ್ಟಿಕೊಂಡು ಪ್ಲಾಸ್ಟಿಕ್ ಫ್ರೈಸ್ ಹಿಂದೆ ನಿಂತರು. ತಲೆಗೂ ಛಾವಣಿಗೂ ನಡುವೆ ಇನ್ನೂ ನಾಲ್ಕು ಬೆರಳು ಜಾಗ ಉಳಿದಿತ್ತು. ಬಂದವರು ಫೋಟೊ ತೆಗೆದುಕೊಂಡರು. ಆಮೇಲೆ ಎಲ್ಲರದೂ ಒಂದೇ ಪ್ರಶ್ನೆ: ತಿನ್ನೋದು ಎಲ್ಲಿ ಸಿಗುತ್ತೆ? ಬೆಳಗಿನಿಂದ ಬೈಪಾಸಿನ ದಾರಿ ತೋರಿಸಿ ತೋರಿಸಿ ಅವರ ಕೈ ಸೋತಿತು. ಮಧ್ಯಾಹ್ನ ನಾನು ಅಲೀಡಾಳ ಅಂಗಡಿಗೆ ಹೋದಾಗ ಸಾಲು ಕಾರು ತೊಳೆಯುವ ಜಾಗವನ್ನು ಒಂದು ಸುತ್ತು ಹಾಕಿತ್ತು. ಅದರ ಕೊನೆಯಲ್ಲಿ, ಏಪ್ರನ್ ಬಿಚ್ಚುವುದನ್ನೂ ಮರೆತು, ಮೇಷ್ಟ್ರು ನಿಂತಿದ್ದರು.