ಜಯರಾಮನ ಲೈನ್‌ಕ್ಲಿಯರ್

ಮಿರ್ಲೆ ರಸ್ತೆಯ ವಿದ್ಯುತ್ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ಆಗಿರುವ ಜಯರಾಮನ ಎಡಗೈಯಲ್ಲಿ ಮೂರೇ ಬೆರಳು. ಹೊಸದಾಗಿ ಪರಿಚಯವಾದವರು ಆ ಕೈ ಕಂಡು ಕಣ್ಣು ಬೇರೆ ಕಡೆ ಹೊರಳಿಸಿದರೆ ಆತನೇ ಮಾತು ತೆಗೆಯುತ್ತಾನೆ. "ಎಲ್ಡು ಬೆರಳ ಪಿರಿಯಾಪಟ್ಣದ ಕಂಬದ ಮ್ಯಾಲೇ ಬುಟ್ಟು ಬಂದಿವ್ನಿ ಕಣ್ರೀ" ಎಂದು ನಕ್ಕು, ಅವರನ್ನೂ ನಗಿಸಿ, ಕುರ್ಚಿ ಎಳೆದು ಕೊಡುತ್ತಾನೆ.

ಅವನು ಹುಟ್ಟಿದ್ದು ಎಚ್.ಡಿ. ಕೋಟೆಯ ಅಂತರಸಂತೆಯಿಂದಾಚೆ, ಕಾಡಿಗೆ ಬೆನ್ನು ಕೊಟ್ಟು ಕೂತ ಜೇನುಕುರುಬರ ಹಾಡಿಯಲ್ಲಿ. ಅಪ್ಪ ಜವರ ವರ್ಷದ ಅರ್ಧ ಕೊಡಗಿನ ಕಾಫಿ ತೋಟಗಳಲ್ಲಿ ಇರುತ್ತಿದ್ದ. ಅವ್ವ ನಿಂಗಿ ಹಾಡಿಯಲ್ಲೇ ಉಳಿದು ರಾಗಿ ಬೆಳೆದು ಮಕ್ಕಳನ್ನು ಆಶ್ರಮಶಾಲೆಗೆ ಕಳಿಸಿದಳು. ಜಯರಾಮ ಏಳನೇ ತರಗತಿಯಲ್ಲಿದ್ದಾಗ ಹಾಡಿಗೆ ಮೊದಲ ಸಲ ಕಂಬಗಳು ಬಂದವು. ಕಂಬ ಹತ್ತಿ ಕುಳಿತ ಲೈನ್‌ಮನ್ ಕೆಳಗಿನವರಿಗೆ ಗದರುತ್ತಾ ತಂತಿ ಬಿಗಿಯುವುದನ್ನು ಅವನು ಊಟ ಮರೆತು ನೋಡಿದ. ಹತ್ತನೇ ತರಗತಿ ಮುಗಿದ ಮೇಲೆ ಮೇಷ್ಟರು ಯಾವ ಕೋರ್ಸು ಬೇಕೆಂದು ಕೇಳಿದಾಗ ಯೋಚನೆಯನ್ನೇ ಮಾಡಲಿಲ್ಲ. ಹುಣಸೂರಿನ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಓದಿ, ಲೈನ್‌ಮನ್ ಆಗಿ ಒಂಬತ್ತು ವರ್ಷ ಕಂಬ ಹತ್ತಿದ.

ಒಂಬತ್ತನೇ ವರ್ಷ ಪಿರಿಯಾಪಟ್ಟಣದ ಹತ್ತಿರ ಅವನು ಮೇಲಿದ್ದಾಗಲೇ ತಂತಿಗೆ ವಿದ್ಯುತ್ ಹರಿಯಿತು. ಕೆಳಗಿದ್ದವನೊಬ್ಬ ಆಪರೇಟರಿಗೆ ಫೋನ್ ಮಾಡಿ "ಎಲ್ಲಾರೂ ಇಳಿದವ್ರೆ" ಎಂದಿದ್ದ. ಅವನು ಸುಳ್ಳು ಹೇಳಿರಲಿಲ್ಲ. ಆಚೆ ಕಂಬದವರನ್ನು ನೋಡಿ ಎಲ್ಲರೂ ಎಂದುಕೊಂಡಿದ್ದ. ಜಯರಾಮನನ್ನು ಕೆಳಗಿನ ಗದ್ದೆಯ ಕೆಸರು ಹಿಡಿದುಕೊಂಡಿತು. ಬೆರಳು ಎರಡು ಹೋದವು, ಜೀವ ಉಳಿಯಿತು. ಗಾಯ ಮಾಗಿದ ಮೇಲೆ ಇಲಾಖೆಯವರು ಅವನಿಗೆ ಸಬ್‌ಸ್ಟೇಷನ್ನಿನ ಕುರ್ಚಿ ಕೊಟ್ಟರು.

ಆ ಕುರ್ಚಿಯಲ್ಲಿ ಕೂತವನ ದೊಡ್ಡ ಹೊಣೆಯೇ ಲೈನ್‌ಕ್ಲಿಯರ್. ಕೆಲಸಕ್ಕೆ ಹೋಗುವ ಲೈನ್‌ಮನ್ ಮೊದಲು ಆಪರೇಟರನ್ನು ಕೇಳಬೇಕು. ಆಪರೇಟರ್ ಆ ಲೈನನ್ನು ಬಂದ್ ಮಾಡಿ, ಒಂದು ನಂಬರು ಕೊಡುತ್ತಾನೆ. ಕೆಲಸ ಮುಗಿದು ಎಲ್ಲರೂ ಇಳಿದ ಮೇಲೆ ತೆಗೆದುಕೊಂಡವನೇ ಆ ನಂಬರು ಹೇಳಿ ವಾಪಸು ಮಾಡಬೇಕು. ಆಮೇಲಷ್ಟೇ ಲೈನಿಗೆ ವಿದ್ಯುತ್. ಜಯರಾಮ ಈ ಮಾತನ್ನು ಮಂತ್ರದಂತೆ ನಡೆಸಿಕೊಂಡು ಬಂದ. ನಂಬರು ಯಾರು ಹೇಳಿದರೂ ಸಾಲದು. ತೆಗೆದುಕೊಂಡವನ ದನಿ ತನ್ನ ಕಿವಿಗೇ ಬೀಳಬೇಕು.

ಕಳೆದ ವರ್ಷ ದಪ್ಪ ರಿಜಿಸ್ಟರು ಹೋಗಿ ಹೊಸ ತಂತ್ರಾಂಶ ಬಂತು. ಗ್ರಾಹಕರ ದೂರು, ಲೈನ್‌ಮನ್‌ಗೆ ಕೆಲಸ ಹಂಚುವುದು, ಲೈನ್‌ಕ್ಲಿಯರ್ ಎಲ್ಲವೂ ಒಂದೇ ಪರದೆಯ ಮೇಲೆ. ಕೆಲಸ ಮುಗಿಸಿದ ಲೈನ್‌ಮನ್ ತನ್ನ ಫೋನಿನ ಆ್ಯಪಿನಲ್ಲಿ ಒತ್ತಿದರೆ ಸಾಕು, ಲೈನ್‌ಕ್ಲಿಯರ್ ವಾಪಸು. ಪ್ರತಿ ದೂರಿಗೂ ಒಂದು ಟಿಕೆಟ್, ಪ್ರತಿ ಟಿಕೆಟ್ಟಿಗೂ ಗಡುವು. ಕೆಲಸ ನಡೆಯುತ್ತಿದ್ದರೆ ಸಾಲು ಕೆಂಪು, ಮುಗಿದರೆ ಹಸಿರು. ಜಯರಾಮನಿಗೆ ಅದರ ಮೇಲೆ ಸಿಟ್ಟೇನೂ ಇರಲಿಲ್ಲ. ಬರೆಯುವ ಕೆಲಸ ತಪ್ಪಿತಲ್ಲ ಎಂದು ಖುಷಿಯೇ ಆಗಿತ್ತು. ಆದರೆ ಸಾಲು ಹಸಿರಾದ ಮೇಲೂ ಅವನು ಲೈನ್‌ಮನ್‌ಗೆ ಫೋನ್ ಮಾಡುವುದನ್ನು ಬಿಡಲಿಲ್ಲ.

ನಂದಿತಾ ಬಂದದ್ದು ಈ ವರ್ಷದ ಆಷಾಢದಲ್ಲಿ. ಪಿರಿಯಾಪಟ್ಟಣದವಳು, ಮೈಸೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಾ ಪಿಎಚ್‌ಡಿಗೆ ಸಂಶೋಧನೆ ನಡೆಸುತ್ತಿದ್ದಳು. ಒಂದು ಕೆಲಸ ಎಲ್ಲಿ ಹುಟ್ಟಿ, ಯಾರ ಯಾರ ಕೈ ದಾಟಿ, ಎಲ್ಲಿ ಮುಗಿಯುತ್ತದೆ ಎಂಬುದನ್ನು ಚೌಕ ಬಾಣಗಳ ನಕ್ಷೆಯಾಗಿ ಬಿಡಿಸುವುದು, ಜನ ನಿಜಕ್ಕೂ ಮಾಡುವ ಕೆಲಸಕ್ಕೂ ತಂತ್ರಾಂಶ ಮಾಡಿಸುವ ಕೆಲಸಕ್ಕೂ ತಾಳೆಯಾಗುತ್ತದೆಯೇ ಎಂದು ನೋಡುವುದು ಅವಳ ವಿಷಯ. ಅನುಮತಿ ಪತ್ರ ಹಿಡಿದು ಬಂದವಳು ಜಯರಾಮನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಮೂರು ದಿನ ಕೂತಳು. ಅವನು ನೀರು ಕುಡಿದದ್ದನ್ನೂ ಬರೆದುಕೊಂಡಳೋ ಏನೋ.

ಎರಡನೇ ದಿನ ಸಂಜೆ ಕೇಳಿದಳು. "ಜಯರಾಮ್, ಪರದೆ ಹಸಿರಾದ ಮೇಲೂ ಫೋನ್ ಮಾಡ್ತೀರಲ್ಲ, ಅದು ಯಾವ ನಿಯಮದಲ್ಲಿದೆ?"

"ಪುಸ್ತಕ ಇದ್ದಾಗ ನಿಯಮದಲ್ಲೇ ಇತ್ತು ಕಣ್ ಮೇಡಂ. ಪುಸ್ತಕದಿಂದ ಕಂಪ್ಯೂಟರ್ ಒಳಕ್ಕೆ ಬರೋವಾಗ ದಾರೀಲಿ ಎಲ್ಲೋ ಬಿದ್ದೋಗದೆ."

ಅವಳು ನಕ್ಕಳು. ಆದರೆ ನಕ್ಷೆಯಲ್ಲಿ ಆ ಚೌಕಕ್ಕೆ ಕೆಂಪು ಬಣ್ಣ ತುಂಬಿದಳು. ಕೆಂಪು ಯಾಕೆ ಎಂದು ಜಯರಾಮ ಕೇಳಿದ್ದಕ್ಕೆ, "ಈ ಒಂದು ಹೆಜ್ಜೆಗೆ ಸರಾಸರಿ ಹನ್ನೊಂದು ನಿಮಿಷ ಹಿಡೀತಿದೆ. ಇದನ್ನ ತೆಗೆದರೆ ಜನಕ್ಕೆ ಅಷ್ಟು ಬೇಗ ಕರೆಂಟ್ ಸಿಗುತ್ತೆ. ಹಾಗಂತ ಶಿಫಾರಸು ಬರೀಬೇಕು ಅಂತಿದೀನಿ" ಎಂದಳು.

ಜಯರಾಮ ಮನೆಗೆ ಹೋಗಿ ಹೆಂಡತಿ ಶೋಭಾಳ ಹತ್ತಿರ ಮಾತ್ರ ಹೇಳಿಕೊಂಡ. "ಓದಿರೋ ಹೆಣ್ಮಗಳು, ಜನಕ್ಕೆ ಒಳ್ಳೇದಾಗ್ಲಿ ಅಂತ್ಲೇ ಹೇಳ್ತಾವ್ಳೆ. ಆದ್ರೂ ಫೋನ್ ಮಾಡದೆ ಸ್ವಿಚ್ಚು ಹಾಕು ಅಂದ್ರೆ ನನ್ ಕೈ ಕೇಳಕಿಲ್ಲ ಕಣೇ."

ಮರುದಿನ ಬೆಳಗ್ಗೆಯಿಂದಲೇ ಗಾಳಿ. ಹತ್ತೂವರೆಗೆ ಮಿರ್ಲೆಯ ಹಿಟ್ಟಿನ ಗಿರಣಿಯ ಕುಳ್ಳಯ್ಯ ಕರೆಂಟಿಲ್ಲವೆಂದು ದೂರು ಕೊಟ್ಟ. ಊರಾಚೆಯ ಗದ್ದೆ ಬಯಲಲ್ಲಿ ಬೇವಿನ ಕೊಂಬೆಯೊಂದು ಲೈನಿನ ಮೇಲೆ ಬಿದ್ದಿತ್ತು. ಲೈನ್‌ಮನ್ ಸಿದ್ದರಾಜು ಬೈಕಿನಲ್ಲಿ ಹೋಗಿ ನೋಡಿ, ಲೈನ್‌ಕ್ಲಿಯರ್ ಕೇಳಿ ತೆಗೆದುಕೊಂಡ. ಅವನು ಕಂಬ ಹತ್ತಿದ. ಇತ್ತ ಸೆಕ್ಷನ್ ಆಫೀಸರ್ ಮೂರ್ತಿ ಒಂದು ಜಾಣತನ ಮಾಡಿದರು. ಅಷ್ಟರವರೆಗೆ ಊರು ಕರೆಂಟಿಲ್ಲದೆ ಇರುವುದೇಕೆಂದು ಊರಿನ ಭಾಗವನ್ನಷ್ಟೇ ಕತ್ತರಿಸಿ, ಚುಂಚನಕಟ್ಟೆ ಕಡೆಯ ಲೈನಿಗೆ ಜೋಡಿಸಿದರು. ಅದರಲ್ಲಿ ತಪ್ಪೇನೂ ಇರಲಿಲ್ಲ, ದಿನವೂ ಮಾಡುವುದೇ.

ಹನ್ನೆರಡು ಗಂಟೆ ಹೊತ್ತಿಗೆ ಜಯರಾಮನ ಪರದೆಯಲ್ಲಿ ಸಿದ್ದರಾಜುವಿನ ಸಾಲು ಹಸಿರಾಯಿತು. ಲೈನ್‌ಕ್ಲಿಯರ್ ವಾಪಸಾಗಿದೆ, ವಿದ್ಯುತ್ ಕೊಡಬಹುದು ಎಂದು ಅದರ ಕೆಳಗೆ ಅಕ್ಷರ ಮೂಡಿತು.

ಜಯರಾಮ ಫೋನ್ ತೆಗೆದ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದ. ಎತ್ತಲಿಲ್ಲ. ಪಕ್ಕದಲ್ಲಿದ್ದ ನಂದಿತಾ ಗಡಿಯಾರ ನೋಡಿ ಏನೋ ಬರೆದುಕೊಂಡಳು. ನಾಲ್ಕನೇ ಸಲ ಮಾಡುವಷ್ಟರಲ್ಲಿ ಮೂರ್ತಿಯವರೇ ಕರೆದರು.

"ಏನ್ ಜಯರಾಮ, ಹಸಿರಾಗಿ ಹತ್ತು ನಿಮಿಷ ಆಯ್ತು. ಹಾಕ್ಲಿಲ್ಲವಾ ಇನ್ನೂ? ಗದ್ದೆ ಬಯಲಾಚೆ ಊರಿನ ಡೈರಿಯವರು ಪ್ರಾಣ ತಿಂತಾವ್ರೆ, ಅವ್ರಿಗೆ ಈ ಲೈನೇ ಗತಿ. ಜನರೇಟರ್ ಕೆಟ್ಟೋಗಿದ್ಯಂತೆ, ಸಾವಿರ ಲೀಟರ್ ಹಾಲು ಒಡೆದೋಗುತ್ತೆ."

"ಸಿದ್ದರಾಜು ಫೋನ್ ಎತ್ತುತಿಲ್ಲ ಸಾ."

"ಅವನೇ ವಾಪಸ್ ಮಾಡವ್ನಲ್ಲಪ್ಪ, ನನ್ ಪರದೇಲೂ ಕಾಣ್ತದೆ. ಊಟಕ್ಕೆ ಹೋಗಿರ್ತಾನೆ. ಹಾಕು."

"ಅವನ ದನಿ ಕೇಳೋಗಂಟ ಹಾಕಕಿಲ್ಲ ಸಾ."

"ನನ್ ಮಾತಿಗೆ ಬೆಲೆ ಇಲ್ವೇನೋ? ಇದನ್ನ ಬರವಣಿಗೇಲಿ ಉತ್ತರ ಕೊಡಬೇಕಾಗುತ್ತೆ."

"ಕೊಡ್ತೀನಿ ಸಾ" ಎಂದ ಜಯರಾಮ. ಫೋನ್ ಇಟ್ಟು ಮತ್ತೊಮ್ಮೆ ಸಿದ್ದರಾಜುವಿಗೆ ಮಾಡಿದ, ಎತ್ತಲಿಲ್ಲ. ನಿಜಕ್ಕೂ ಸಿದ್ದರಾಜು ಊಟಕ್ಕೆ ಹೋಗಿದ್ದರೆ? ಹಾಲು ಒಡೆದರೆ ಆ ಊರಿನವರೆಲ್ಲ ತನ್ನ ಹೆಸರು ಹಿಡಿದೇ ಬೈಯುತ್ತಾರೆ. ನಂದಿತಾ ಪೆನ್ನು ಕೆಳಗಿಟ್ಟು ಅವನ ಮುಖವನ್ನೇ ನೋಡುತ್ತಿದ್ದಳು.

ಆಗ ಅವನಿಗೆ ಸಣ್ಣತಾಯಮ್ಮ ನೆನಪಾದಳು. ಆ ಗದ್ದೆ ಬಯಲಿನ ತಿರುವಿನಲ್ಲಿ ಟೀ ಅಂಗಡಿ ಇಟ್ಟಿರುವ ಹೆಂಗಸು. ಲೈನ್‌ಮನ್‌ಗಳೆಲ್ಲರ ನಂಬರೂ ಅವಳಲ್ಲಿದೆ, ಅವಳ ನಂಬರು ಎಲ್ಲರಲ್ಲೂ ಇದೆ.

"ತಾಯಮ್ಮೋ, ಜಯರಾಮ. ಬೇವಿನ ಮರದ್ತಾವ ಸಿದ್ದರಾಜು ಅವ್ನಾ ನೋಡವ್ವ ಒಸಿ, ಬಿರ‍್ರನೆ."

"ಒಲೆ ಮ್ಯಾಲೆ ಹಾಲದೆ ಕಣಪ್ಪ..."

"ಹಾಲು ಉಕ್ಕೋಗ್ಲಿ ಬುಡವ್ವ, ನೋಡು!"

ಚಪ್ಪಲಿಯ ಸದ್ದು ಕೇಳಿಸಿತು, ಏದುಸಿರು ಕೇಳಿಸಿತು. ಆಮೇಲೆ ಅವಳ ದನಿ.

"ಕಂಬದ ಮ್ಯಾಲವ್ನೆ ಕಣ್ಲಾ. ತುದೀಲಿ ಕೂತ್ಕಂಡು ಎಲ್ಡೂ ಕೈಲಿ ತಂತಿ ಇಡ್ಕಂಡವ್ನೆ."

ಜಯರಾಮ ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ, ಹಿಡಿದಿದ್ದ ಉಸಿರನ್ನೆಲ್ಲ ಬಿಟ್ಟ. ಫೋನಿನಲ್ಲಿ ತಾಯಮ್ಮ "ಏನಾರ ಏಳ್ಬೇಕೇನ್ಲಾ ಅವನ್ಗೆ?" ಎನ್ನುತ್ತಿದ್ದಳು. "ಏನಿಲ್ಲವ್ವ, ಕೆಲ್ಸ ಮುಗುಸ್ಕಂಡು ನಿಧಾನಕ್ಕೆ ಇಳಿ ಅನ್ನು, ಇಳಿದ್ ಮ್ಯಾಲೆ ನಂಗೆ ಫೋನ್ ಮಾಡು ಅನ್ನು" ಎಂದು ಹೇಳಿದ. ನಂದಿತಾ ಎದ್ದು ಹೋಗಿ ಹೊರಗಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದಳು.

ಅರ್ಧ ಗಂಟೆಯ ಮೇಲೆ ಸಿದ್ದರಾಜುವಿನ ಫೋನ್ ಬಂತು. "ಫೋನು ಬೈಕ್ ಡಿಕ್ಕೀಲಿ ಇತ್ತು ಕಣಣ್ಣ. ಒಂದ್ಸಲಿ ಇಳಿದಿದ್ದೆ, ಅರ್ಥಿಂಗ್ ಚೈನೂ ಬಿಚ್ಚಿ ಬ್ಯಾಗಿಗೆ ಹಾಕ್ಬುಟ್ಟಿದ್ದೆ. ಕೆಳಗ್ಲಿಂದ ನೋಡುದ್ರೆ ಜಂಪರ್ ತಂತಿ ಸಡ್ಲ ಕಾಣ್ತು, ಇನ್ನೊಂದ್ ಗಳ್ಗೆ ತಾನೆ ಅಂತ ಅಂಗೇ ಹತ್ಬುಟ್ಟೆ. ನಾನು ಆ್ಯಪ್ ಮುಟ್ಟೇ ಇಲ್ಲ, ನಿನ್ನಾಣೆ."

ಅಕಸ್ಮಾತ್ ವಿದ್ಯುತ್ ಹರಿದರೆ ಅದನ್ನು ನೆಲಕ್ಕಿಳಿಸಿ ಜೀವ ಉಳಿಸುವ ಆ ಚೈನು ಇಲ್ಲದೆ ಹತ್ತಿದ್ದಕ್ಕೆ ಜಯರಾಮ ಅವನನ್ನು ಬಾಯಿಗೆ ಬಂದಂತೆ ಬೈದ. ಬೈದು ಮುಗಿದ ಮೇಲೆ ನಂಬರು ಕೇಳಿ, ಬರೆದುಕೊಂಡು, ಲೈನಿಗೆ ವಿದ್ಯುತ್ ಕೊಟ್ಟ. ಡೈರಿಯ ಹಾಲನ್ನು ಅಷ್ಟರಲ್ಲಿ ಕ್ಯಾನಿಗೆ ತುಂಬಿ ಪಕ್ಕದ ಊರಿನ ಡೈರಿಗೆ ಸಾಗಿಸಿದ್ದರು. ಒಂದು ಹನಿಯೂ ಹಾಳಾಗಿರಲಿಲ್ಲ.

ಇಷ್ಟಾದರೂ ತಂತ್ರಾಂಶಕ್ಕೆ ಇದಾವುದೂ ಗೊತ್ತಿರಲಿಲ್ಲ. ಹಸಿರಾದ ಮೇಲೆ ಐವತ್ತೆರಡು ನಿಮಿಷ ತಡವಾಗಿದೆ, ಕಾರಣ ತಿಳಿಸತಕ್ಕದ್ದು ಎಂದು ಸಂಜೆಯೊಳಗೆ ಜಯರಾಮನ ಹೆಸರಿಗೆ ತಾನೇ ನೋಟಿಸು ಕಳಿಸಿತು. ಅವನು ಅದನ್ನು ಎರಡು ಸಲ ಓದಿದ. ನಂದಿತಾ ಒಂದು ಪ್ರತಿ ಕೇಳಿ ತೆಗೆದುಕೊಂಡು, "ಉತ್ತರ ಬರೆಯೋಕೆ ಒಂದು ವಾರ ಇದೆಯಲ್ಲ, ಅವಸರ ಮಾಡಬೇಡಿ" ಎಂದಷ್ಟೇ ಹೇಳಿ ಹೋದಳು.

ಆ ಒಂದು ವಾರ ಶೋಭಾ ಮನೆಯಲ್ಲಿ ಮಾತು ಕಡಿಮೆ ಮಾಡಿದಳು. ಜಯರಾಮ ಊಟ ಕಡಿಮೆ ಮಾಡಿದ. ನಂದಿತಾ ಮಾತ್ರ ದೂರು ಕೇಂದ್ರ, ಸೆಕ್ಷನ್ ಆಫೀಸು, ಕುಳ್ಳಯ್ಯನ ಗಿರಣಿ ಎಲ್ಲ ಸುತ್ತಿ, ಯಾವ ಗಳಿಗೆಯಲ್ಲಿ ಯಾರು ಏನು ಒತ್ತಿದರು ಎಂಬುದನ್ನು ಒಂದೊಂದಾಗಿ ಕಲೆಹಾಕಿದಳು.

ವಾರ ಮುಗಿದ ಮೇಲೆ ಆ ನೋಟಿಸಿನ ವಿಚಾರಣೆಯ ಸಭೆ ಕೆ.ಆರ್. ನಗರದ ವಿಭಾಗ ಕಚೇರಿಯಲ್ಲಿ ನಡೆಯಿತು. ಕಾರ್ಯಪಾಲಕ ಇಂಜಿನಿಯರ್ ಗುರುಸ್ವಾಮಿ ಮೇಜಿನ ತುದಿಯಲ್ಲಿ, ಮೂರ್ತಿ, ಸಿದ್ದರಾಜು, ಜಯರಾಮ ಒಂದು ಕಡೆ. ತಂತ್ರಾಂಶ ಮಾಡಿಕೊಟ್ಟ ಕಂಪನಿಯ ತೇಜಸ್ ವಿಡಿಯೊದಲ್ಲಿ. ನಂದಿತಾ ಉದ್ದನೆಯ ಹಾಳೆ ಹರಡಿ, ಬಾಣಗಳ ಮೇಲೆ ಬೆರಳಿಟ್ಟು ಹೇಳುತ್ತಾ ಹೋದಳು.

"ಊರಿಗೆ ಬೇರೆ ಲೈನಿಂದ ಕರೆಂಟ್ ಬಂತು. ದೂರು ಕೇಂದ್ರದವರು ಕುಳ್ಳಯ್ಯನವರಿಗೆ ಫೋನ್ ಮಾಡಿ ಬಂತಾ ಅಂತ ಕೇಳಿದರು. ಅವರು ಬಂತು ಅಂದರು. ಅದೂ ನಿಜವೇ. ದೂರಿನ ಟಿಕೆಟ್ ಮುಚ್ಚಿದರು. ಲೈನ್‌ಕ್ಲಿಯರನ್ನ ತಂತ್ರಾಂಶ ಆ ದೂರಿನ ಮರಿ ಟಿಕೆಟ್ ಅಂತ ಇಟ್ಟುಕೊಂಡಿತ್ತು. ತಾಯಿ ಮುಚ್ಚಿದ ತಕ್ಷಣ ಮರಿಯೂ ತಾನಾಗಿ ಮುಚ್ಚಿಕೊಳ್ತು. ಸಿದ್ದರಾಜು ಏನೂ ಒತ್ತಿಲ್ಲ."

"ಸಾರ್, ಅದು ನಮ್ಮ ಮಾಮೂಲಿ ಏರ್ಪಾಡು" ಎಂದ ತೇಜಸ್. "ಎಲ್ಲಾ ಕಂಪನಿಗಳಿಗೂ ಹಾಗೇ ಕೊಟ್ಟಿದೀವಿ."

"ಆ ಕಂಪನಿಗಳಲ್ಲಿ ಕಂಬದ ಮೇಲೆ ಯಾರಾದರೂ ಕೂತಿರ್ತಾರೇನಪ್ಪ?" ಎಂದರು ಗುರುಸ್ವಾಮಿ.

ತೇಜಸ್ ಪೆನ್ನು ತೆಗೆದು ಬರೆದುಕೊಂಡು, "ಇವತ್ತೇ ಆ ಕೊಂಡಿ ಬಿಡಿಸ್ತೀನಿ ಸಾರ್" ಎಂದ. ನಂದಿತಾ ಇನ್ನೂ ಒಂದು ಮಾತು ಹೇಳುವುದಿತ್ತು. ಎರಡು ತಿಂಗಳಲ್ಲಿ ಹೀಗೆ ಮೂರು ಸಲ ಹುಸಿ ಹಸಿರು ಬಂದಿತ್ತು. ಆಗೆಲ್ಲ ಅಷ್ಟರಲ್ಲಿ ಕೆಲಸವೂ ಮುಗಿದಿದ್ದರಿಂದ ಯಾರಿಗೂ ತಿಳಿದಿರಲಿಲ್ಲ. "ಜಯರಾಮ್ ಅವರ ಫೋನನ್ನ ನಾನೇ ವ್ಯರ್ಥ ಅಂತ ಗುರುತು ಹಾಕಿದ್ದೆ" ಎಂದಳು. ಅದನ್ನು ಹೇಳುವಾಗ ತಲೆ ತಗ್ಗಿಸಲಿಲ್ಲ, ಜಯರಾಮನ ಕಡೆಗೇ ತಿರುಗಿ ಹೇಳಿದಳು. "ನನ್ನ ಪ್ರಬಂಧದ ಆ ಅಧ್ಯಾಯ ಹೊಸದಾಗಿ ಬರೀತೀನಿ."

ಗುರುಸ್ವಾಮಿ ಅಲ್ಲೇ ನೋಟಿಸು ರದ್ದು ಮಾಡಿದರು. ಲೈನ್‌ಕ್ಲಿಯರ್ ತೆಗೆದುಕೊಂಡವನೇ ಖುದ್ದು ಮಾತಾಡಿ ನಂಬರು ಹೇಳದ ಹೊರತು ವಾಪಸು ಆಗುವಂತಿಲ್ಲ ಎಂದು ವಿಭಾಗಕ್ಕೆಲ್ಲ ಆದೇಶ ಹೊರಡಿಸಿದರು. ಚೈನು ಬಿಚ್ಚಿ ಹತ್ತಿದ್ದಕ್ಕೆ ಸಿದ್ದರಾಜುವಿಗೆ ಎರಡು ದಿನ ತರಬೇತಿಯ ಶಿಕ್ಷೆ ಬಿತ್ತು. ಅವನು ನಗುತ್ತಲೇ ಒಪ್ಪಿಕೊಂಡ. ಮೂರ್ತಿ ಮೆಟ್ಟಿಲ ಹತ್ತಿರ ಜಯರಾಮನನ್ನು ತಡೆದರು. "ಅವತ್ತು ನೀನು ನನ್ ಮಾತು ಕೇಳಿದ್ರೆ ಇವತ್ತು ನಾನು ಯಾವ ಮುಖ ಇಟ್ಕೊಂಡು ಸಿದ್ದರಾಜು ಮನೆಗೆ ಹೋಗ್ತಿದ್ದೆ ಹೇಳು" ಎಂದರು. ಜಯರಾಮ ಅವರ ಕೈ ಹಿಡಿದು, "ಬುಡಿ ಸಾ, ಆಗ್ಲಿಲ್ವಲ್ಲ" ಎಂದ.

ಮಧ್ಯಾಹ್ನದ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಊರು ದಾಟುತ್ತಿದ್ದಂತೆ ನಾಟಿ ಮಾಡಿದ ಗದ್ದೆಗಳ ಗಾಳಿ ಮುಖಕ್ಕೆ ಬಡಿಯಿತು. ಒಂದು ವಾರದ ನಿದ್ದೆಯೆಲ್ಲ ಒಟ್ಟಿಗೇ ಬಂತೋ ಏನೋ, ಜಯರಾಮ ತಾನು ಇಳಿಯಬೇಕಿದ್ದ ಮಿರ್ಲೆ ಬಂದದ್ದೂ ತಿಳಿಯದೆ ಮಲಗಿ, ಅದರಾಚೆಯ ಸಾಲಿಗ್ರಾಮದಲ್ಲಿ ಕಂಡಕ್ಟರ್ ಭುಜ ಅಲುಗಿಸಿದಾಗ ಎದ್ದ. ನಿಲ್ದಾಣದಿಂದಲೇ ಶೋಭಾಳಿಗೆ ಫೋನ್ ಮಾಡಿ ಎಲ್ಲ ಹೇಳಿದ.

"ಸಾಲಿಗ್ರಾಮದಲ್ಲಿ ಏನ್ ಮಾಡ್ತಿದೀಯ ಮತ್ತೆ?" ಎಂದಳು ಅವಳು.

"ಮಲ್ಗಿದ್ದೆ ಕಣೇ" ಎಂದ ಜಯರಾಮ. "ವಾಪಸ್ ಬಸ್ಸು ನಾಕು ಗಂಟೆಗಂತೆ. ಬತ್ತೀನಿ, ಮುದ್ದೆಗೆ ಎಸರಿಡು."