ಕಮಲಾಪುರದ ಬಾವಿಯ ಸುಣ್ಣಕಲ್ಲು

ಕಲಬುರಗಿಯ ಜೇವರ್ಗಿ ಕಾಲೋನಿಯ ಪ್ರೇರಣಾ ಸುಣ್ಣಕಲ್ಲಿನ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ಸುತ್ತಿಗೆ, ಕಲ್ಲು ಪರೀಕ್ಷಿಸುವ ಆಸಿಡ್ ಬಾಟಲಿ ಚೀಲಕ್ಕೆ ಹಾಕಿಕೊಂಡು ಕಮಲಾಪುರದ ಬಸ್ಸು ಹಿಡಿಯುವಾಗ ತಂದೆ ಆನಂದತೀರ್ಥರು ದೇವರ ಮನೆಯಿಂದಲೇ ಕೆಣಕುತ್ತಿದ್ದರು: "ಮನ್ಯಾಗಿನ ಸಾಲಿಗ್ರಾಮ ಬಿಟ್ಟು ಹೊಲದ ಕಲ್ಲು ತೊಳಿಯಾಕ ಹೊಂಟಾಳ ನೋಡು."

ಎರಡು ವರ್ಷದ ಹಿಂದೆ ಅಲ್ಲಿಯ ಹಳೆಯ ಬಾವಿಯೊಂದರಲ್ಲಿ ಅವಳಿಗೆ ಹೊಸ ಪದರ ಸಿಕ್ಕಿತ್ತು. ಕೆಳಗೆ ಕರಿಕಲ್ಲು, ಮೇಲೆ ಹನ್ನೆರಡು ಅಡಿ ಬೂದು ಸುಣ್ಣಕಲ್ಲು. ನೋಡಲು ನಮ್ಮ ಮನೆಗಳ ನೆಲಕ್ಕೆ ಹಾಸುವ ಫರಸಿ ಕಲ್ಲೇ. ಆದರೆ ಫರಸಿಯ ಪದರ ಕರಿಕಲ್ಲಿನ ಕೆಳಗಿರುತ್ತದೆ, ಇದು ಮೇಲಿತ್ತು. ಎರಡು ಕಲ್ಲು ಒಂದೇ ಥರ ಕಂಡರೂ ಪದರಗಳ ಕ್ರಮದಲ್ಲಿ ಅವುಗಳ ಜಾಗ ಬೇರೆಯಾದರೆ ಹೆಸರೂ ಬೇರೆ. ಹೊಸ ಹೆಸರಿಡಲು ಆ ಪದರ ನಕ್ಷೆಯಲ್ಲಿ ತೋರಿಸುವಷ್ಟು ದೂರ ಹಬ್ಬಿರಲೂಬೇಕು. ಅದು ಭೂವಿಜ್ಞಾನದ ನಿಯಮ. ಅವಳು ಅದಕ್ಕೆ ಹೊಸ ಹೆಸರಿಟ್ಟಳು, ಸಮ್ಮೇಳನದ ಪುಸ್ತಕದಲ್ಲಿ ಅಚ್ಚೂ ಆಯಿತು. ಹಬ್ಬಿದ್ದನ್ನು ತೋರಿಸದೆ ಪ್ರಬಂಧಕ್ಕೆ ಸಹಿ ಹಾಕುವುದಿಲ್ಲ ಎಂದರು ಗೈಡ್. ಸುತ್ತ ಹೊಸದಾಗಿ ತೋಡಿದ ಏಳು ಬಾವಿ ಇಳಿದರೂ ಆ ಪದರ ಕಾಣಲಿಲ್ಲ.

ಕಡೆಗೆ ಬಾವಿ ತೋಡುವ ಮುದುಕ ಅಲ್ಲಾಬಕ್ಷನನ್ನು ಹಳೆಯ ಬಾವಿಗೆ ಕರೆತಂದಳು.

"ಕಾಕಾ, ಇಂಥ ಕಲ್ಲು ಮತ್ತೆಲ್ಲಿ ಸಿಗ್ತದ್ರೀ?"

"ಯಾಕ ಸಿಗ್ತದ ಬೇಟಿ? ಇದು ನಮ್ಮಪ್ಪ ಇಟ್ಟಿದ್ದು."

"ಇಟ್ಟಿದ್ದು ಅಂದ್ರ?"

"ಮ್ಯಾಲಿನ ಮಣ್ಣು ಕುಸೀಬಾರ್ದಂತ ಬಂಡ್ಯಾಗ ಫರಸಿ ತಂದು ಒಂದರ ಮ್ಯಾಲೊಂದು ಜೋಡಿಸ್ಯಾನ. ಗಾರಿ ಇಲ್ಲ, ಏನಿಲ್ಲ. ಆಗ ಹಿಂಗೇ ಕಟ್ತಿದ್ರು."

ನೀರಿನ ಸುಣ್ಣ ವರ್ಷಾನುಗಟ್ಟಲೆ ಇಳಿದು ಸಂದುಗಳನ್ನೆಲ್ಲ ಬಿಳಿಯಾಗಿ ಮುಚ್ಚಿತ್ತು. ಅವನು ಹಾರೆಯ ತುದಿಯಿಂದ ಅದನ್ನು ಕೆರೆದು ಒಂದು ಚಪ್ಪಡಿ ಮೀಟಿ ಎಳೆದ. ಅಂಚಿನಲ್ಲಿ ಉಳಿಯ ಗುರುತು. ಹಿಂದೆ ಕರಿಮಣ್ಣು.

ಪ್ರೇರಣಾ ಆ ಅಂಚಿನ ಮೇಲೆ ಬೆರಳಾಡಿಸಿದಳು. ಬಾವಿಯ ಮೆಟ್ಟಿಲ ಮೇಲೆ ಕೂತಳು. ಪದರ ಪದರ ಅಳೆದಿದ್ದಳು, ಮೂವತ್ತೊಂದು ಪದರಗಳಿಗೂ ನಂಬರು ಕೊಟ್ಟಿದ್ದಳು.

"ಇದಕ್ಕ ಹೆಸರೂ ಇಟ್ಟೀಯಂತ. ನಮ್ಮಪ್ಪನ ಹೆಸರಾದ್ರೂ ಇಡಬೇಕಿತ್ತು" ಎಂದು ಅಲ್ಲಾಬಕ್ಷ ನಕ್ಕ. ಅವಳ ಮುಖ ನೋಡಿ ನೀರಿನ ಬಾಟಲಿ ಮುಂದೆ ಹಿಡಿದ.

ಮೇಲೆ ಬಂದು ಗೈಡಿಗೆ ಫೋನು ಮಾಡಿದಳು. "ಸರ್, ಆ ಹೆಸರು ತಗೀಬೇಕ್ರೀ. ಅದು ಗೋಡಿ ಅದ."

"ಯಾರು ಹೇಳಿದ್ರು?"

"ಕಟ್ಟಿದವರ ಮಗ."

"ಸಮ್ಮೇಳನದವರಿಗೆ ಪತ್ರ ನೀನೇ ಬರಿಯವ್ವಾ" ಎಂದರು ಗೈಡ್.

ರಸ್ತೆ ಬದಿಯ ಬೇವಿನ ಕೆಳಗೆ ಕೂತು ಬರೆದಳು. ಎರಡೇ ಸಾಲು. ಅದನ್ನು ಮುಗಿಸುವಷ್ಟರಲ್ಲಿ ಕಲಬುರಗಿಯ ಮೂರು ಬಸ್ಸು ಹೋಗಿದ್ದವು.