ಅಪ್ಪನೊಳಗೆ ಮಗ
ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ ಮನೆತನಗಳ ವಂಶಾವಳಿಯನ್ನು ಕಂಪ್ಯೂಟರಿನಲ್ಲಿ, ಒಂದರೊಳಗೊಂದು ಹೆಸರು ಕೂರಿಸುವ ಎಕ್ಸ್‌ಎಂಎಲ್ ಫೈಲಿಗೆ ಏರಿಸಿಕೊಡುವ ಶೈಲೋಬೆಕ್ ಬಂದವರ ಹೆಸರನ್ನು ಮೊದಲು ಕೇಳಿದವನೇ ಅಲ್ಲ, "ನಿಮ್ಮಪ್ಪ ಯಾರು?" ಎಂದೇ ಅವನ ಮಾತು ಶುರು. ಕೋಡಿನಲ್ಲೂ ಹಾಗೆಯೇ, ಮೊದಲು ಅಪ್ಪನನ್ನು ಹುಡುಕಬೇಕು, ಆಮೇಲೆ ಅವನೊಳಗೆ ಮಗನನ್ನು ಸೇರಿಸಬೇಕು. ಚಹಾ ಆರಿ ತಣ್ಣಗಾದರೂ ಅಲ್ಲಿನ ರೂಢಿಯಂತೆ ಏಳು ತಲೆಮಾರು ಮುಗಿಯದೆ ಕುರ್ಚಿ ಬಿಡುವವನಲ್ಲ. "ಈ ಅಣ್ಣನ್ನ ಮದ್ವೆ ಊಟ ಬಡಿಸೋಕೆ ಬಿಟ್ರೆ ಅಪ್ಪನ ತೊಡೆ ಮೇಲೆ ಮಗನ್ನ ಕೂರಿಸ್ತಾನೆ" ಎಂದು ನೆರೆಯವರು ನಗುತ್ತಾರೆ. ಒಮ್ಮೆ ಅವನ ಒಬ್ಬಳೇ ಮಗಳು ಬುರುಲ್ ತಮ್ಮದೇ ಮನೆತನದ ಫೈಲು ನೋಡಿ, "ಅಪ್ಪಾ, ಇದ್ರಲ್ಲಿ ನಾನೆಲ್ಲಿದೀನಿ?" ಎಂದು ಕೇಳಿದ್ದಳು. "ಹೆಣ್ಮಕ್ಕಳನ್ನ ಬರೆಯೋ ಪದ್ಧತಿ ಇಲ್ಲಮ್ಮ" ಎಂದುಬಿಟ್ಟಿದ್ದ. ಮದುವೆಯಾಗಿ ಓಶ್‌ಗೆ ಹೋದವಳು ಈಗ ಫೋನನ್ನೂ ಮಾಡುವುದಿಲ್ಲ. ದಿನಾ ಕೆಲಸ ಮುಗಿದ ಮೇಲೆ ಅವನು ಆ ಫೈಲು ತೆರೆದು ತನ್ನ ಹೆಸರಿನೊಳಗೆ ಅವಳ ಹೆಸರು ಸೇರಿಸುತ್ತಾನೆ, ಸ್ವಲ್ಪ ಹೊತ್ತು ನೋಡುತ್ತಾನೆ, ಹಿರಿಯರು ಏನೆಂದಾರೋ ಎಂದುಕೊಂಡು ಸೇವ್ ಮಾಡದೆ ಮುಚ್ಚುತ್ತಾನೆ.